ನಕ್ಷೆಯಲ್ಲಿ ನಿಮ್ಮ ಕೇರಿಯ ನಾಲಾ ಇದೆಯಾ? ಊರಿನ ಮಹಾಯೋಜನೆಗೆ ಆಕ್ಷೇಪಣೆ ಬರೆಯುವ ಬಗೆ

ನಮ್ಮ ಮನೆಯ ಹಿಂದೆ ಒಂದು ನಾಲಾ ಇದೆ. ಸುಮಾರು ಮೂರು ಮಾರು ಅಗಲ. ಬೇಸಿಗೆಯಲ್ಲಿ ನೋಡಿದರೆ ನೀರಿಗಿಂತ ಕಸವೇ ಜಾಸ್ತಿ. ಆದರೆ ಜುಲೈ ತಿಂಗಳಲ್ಲಿ ಜೋರು ಮಳೆ ಮತ್ತು ಸಮುದ್ರದ ಉಬ್ಬರ ಒಂದೇ ಹೊತ್ತಿಗೆ ಕೂಡಿ ಬಂತು ಅಂದ್ರೆ, ಗುಡ್ಡದಿಂದ ಇಳಿದ ನೀರು ಮುಂದೆ ಹೋಗಲು ದಾರಿ ಸಿಗದೆ ಹಿಂದಕ್ಕೆ ತಿರುಗುತ್ತದೆ. ಪಕ್ಕದ ಮನೆಯ ಅಜ್ಜಿ ತಮ್ಮ ಹಿತ್ತಲ ಬಾಗಿಲ ಚೌಕಟ್ಟಿನ ಮೇಲೆ ಪ್ರತಿ ಸಲ ನೀರು ಬಂದ ಮಟ್ಟಕ್ಕೆ ಇದ್ದಿಲಿನಲ್ಲಿ ಗೆರೆ ಎಳೆದಿದ್ದಾರೆ. ಪಕ್ಕದಲ್ಲಿ ವರ್ಷ ಬರೆದಿದ್ದಾರೆ. ಎಲ್ಲಕ್ಕಿಂತ ಮೇಲಿನ ಗೆರೆ ನನ್ನ ಮೊಣಕಾಲಿಗೆ ಬರುತ್ತದೆ.

ಕೆಲವು ವರ್ಷದ ಹಿಂದೆ ಊರಿನ ಕರಡು ಮಹಾಯೋಜನೆಯ ನಕ್ಷೆ ನೋಡಲು ಹೋಗಿದ್ದೆ. ನಮ್ಮ ಕೇರಿ ಪೂರ್ತಿ ಹಳದಿ, ಅಂದರೆ ವಸತಿಯ ಬಣ್ಣದಲ್ಲಿತ್ತು. ನಾಲಾ ಇರಲೇ ಇಲ್ಲ. ಅದು ಹರಿಯುವ ಜಾಗದ ಮೇಲೇ ಹೊಸ ರಸ್ತೆಯ ಗೆರೆ ಬಂದಿತ್ತು. ಊರಿನ ಹೆಸರು ಇಲ್ಲಿ ಬೇಡ. ನಮ್ಮ ಉತ್ತರ ಕನ್ನಡದಲ್ಲಿ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಯಲ್ಲಾಪುರದಲ್ಲೂ ಹೀಗಾಗಬಹುದು. ನಕ್ಷೆ ಮಾಡಿದವರಿಗೆ ನಮ್ಮ ಮೇಲೆ ಏನೂ ಸಿಟ್ಟಿಲ್ಲ. ತೆಂಗು, ಹಲಸು, ಮಾವಿನ ಮರಗಳ ಅಡಿಯಲ್ಲಿ ಹರಿಯುವ ನಾಲಾ ಉಪಗ್ರಹದ ಚಿತ್ರದಲ್ಲಿ ಕಾಣುವುದಿಲ್ಲ, ಅಷ್ಟೇ. ಕಾಣುವುದು ನಮಗೆ. ಹಾಗಾಗಿ ಹೇಳಬೇಕಾದವರೂ ನಾವೇ. ಅದೂ ಜೆಸಿಬಿ ಬಂದು ನಿಂತ ಮೇಲೆ ಅಲ್ಲ, ಗೆರೆ ಇನ್ನೂ ಕಾಗದದ ಮೇಲೆ ಇರುವಾಗ. ಅದನ್ನು ಹೇಗೆ ಮಾಡುವುದು ಅಂತ ಒಂದೊಂದಾಗಿ ಬರೆಯುತ್ತೇನೆ.

ಮೊದಲು: ಇದು ಏನು, ಯಾರು ಮಾಡುತ್ತಾರೆ

ಮಹಾಯೋಜನೆ ಅಂದರೆ ಮಾಸ್ಟರ್ ಪ್ಲಾನ್. ಊರಿನ ಯಾವ ಜಾಗದಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಯಾವ ರಸ್ತೆ ಎಷ್ಟು ಅಗಲ, ಯಾವುದು ಉದ್ಯಾನ ಅಂತ ಮುಂದಿನ ಹಲವು ವರ್ಷಗಳಿಗೆ ಇದೇ ತೀರ್ಮಾನ ಮಾಡುತ್ತದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ ಪ್ರಕಾರ ಇದು ತಯಾರಾಗುತ್ತದೆ. ಹತ್ತು ವರ್ಷಕ್ಕೊಮ್ಮೆಯಾದರೂ ಇದನ್ನು ಪರಿಷ್ಕರಿಸಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಒಮ್ಮೆ ಜಾರಿಗೆ ಬಂದರೆ ಮನೆ ಕಟ್ಟುವ ಪರವಾನಗಿ, ಬಿನ್‌ಶೇತ್ಕಿ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದು), ಲೇಔಟ್ ಎಲ್ಲದಕ್ಕೂ ಅಧಿಕಾರಿಗಳು ಈ ನಕ್ಷೆಯನ್ನೇ ತೆರೆದು ನೋಡುತ್ತಾರೆ.

ಇದನ್ನು ಮಾಡುವುದು ನಗರಸಭೆ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಮಾಡುವುದು ಯೋಜನಾ ಪ್ರಾಧಿಕಾರ. ಕಾರವಾರದಲ್ಲಿ ಆ ಕೆಲಸ ನಗರಾಭಿವೃದ್ಧಿ ಪ್ರಾಧಿಕಾರದ್ದು. ನಿಮ್ಮ ಊರಿಗೆ ಯಾವ ಪ್ರಾಧಿಕಾರ, ಅದರ ಕಚೇರಿ ಎಲ್ಲಿ ಅಂತ ನಗರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ಕೇಳಿದರೆ ಹೇಳುತ್ತಾರೆ. ಊರ ಹೊರಗಿನ ಗ್ರಾಮ ಪಂಚಾಯಿತಿಯಲ್ಲಿ ಇರುವವರೂ ಕೇಳಿಕೊಳ್ಳಿ. ಪ್ರಾಧಿಕಾರದ ಗಡಿ ನಗರಸಭೆಯ ಗಡಿಯನ್ನು ದಾಟಿ ಸುತ್ತಲ ಹಳ್ಳಿಗಳಿಗೂ ಚಾಚಿರಬಹುದು. ನಾವು ಹಳ್ಳಿಯವರು, ನಮಗೇನು ಅಂತ ಸುಮ್ನೆ ಕೂತವರ ಗದ್ದೆಯ ಮೇಲೂ ರಸ್ತೆಯ ಗೆರೆ ಬಂದಿರುತ್ತದೆ.

ಇನ್ನೊಂದು ಮಾತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರ ಯೋಜನೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಬಹುದಾದ 18 ಕೆಲಸಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಇಟ್ಟಿದೆ. ವಾರ್ಡ್ ಸಮಿತಿಗಳನ್ನು ಸಂವಿಧಾನ ಕಡ್ಡಾಯ ಮಾಡಿರುವುದು ಮಾತ್ರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ಊರುಗಳಿಗೆ. ಕಾರವಾರವಾಗಲಿ ಶಿರಸಿಯಾಗಲಿ ಅಷ್ಟು ದೊಡ್ಡದಲ್ಲ. ಯಾರೋ ಸಭೆ ಕರೆಯುತ್ತಾರೆ ಅಂತ ಕಾಯಬೇಡಿ. ನೀವೇ ಹೋಗಬೇಕು.

ಎರಡನೆಯದು: ನೋಟೀಸಿನ ಮೇಲೆ ಕಣ್ಣಿಡಿ

ಕಾಯ್ದೆಯ 13ನೇ ಕಲಂ ಪ್ರಕಾರ, ಸರ್ಕಾರದಿಂದ ವಾಪಸ್ ಬಂದ ಕರಡು ಯೋಜನೆಯನ್ನು ಪ್ರಾಧಿಕಾರ ಪ್ರಕಟಿಸಬೇಕು. ಆ ದಿನದಿಂದ 60 ದಿನ ಸಾರ್ವಜನಿಕರು ಆಕ್ಷೇಪಣೆ, ಸಲಹೆ ಬರೆದು ಕೊಡಬಹುದು. ಕೊಟ್ಟದ್ದನ್ನು ಪ್ರಾಧಿಕಾರ ಪರಿಶೀಲಿಸಿ, ಏನು ಬದಲಿಸಬೇಕು ಅಂತ ಶಿಫಾರಸು ಮಾಡಿ ಸರ್ಕಾರಕ್ಕೆ ಕಳಿಸಬೇಕು. ನೋಟೀಸಿನಲ್ಲಿ ಕೊನೆಯ ದಿನಾಂಕ ಬರೆದಿರುತ್ತದೆ. ನೀವು ನಂಬಬೇಕಾದದ್ದು ಆ ದಿನಾಂಕವನ್ನೇ.

ಇನ್ನೊಂದು ನೋಟೀಸು ಇದಕ್ಕಿಂತ ಚಿಕ್ಕದು, ಹಾಗಾಗಿ ಕಣ್ಣಿಗೆ ಬೀಳುವುದೂ ಕಡಿಮೆ. ಜಾರಿಯಲ್ಲಿರುವ ಯೋಜನೆಯಲ್ಲಿ ಒಂದು ತುಂಡು ಜಾಗದ ಬಣ್ಣ ಬದಲಿಸಲು, ಅಂದರೆ ಉದ್ಯಾನವನ್ನು ವಸತಿಗೋ, ಕೃಷಿಯನ್ನು ವಾಣಿಜ್ಯಕ್ಕೋ ಮಾಡಲು, 14-ಎ ಕಲಂನಲ್ಲಿ ಅವಕಾಶ ಇದೆ. ಅದಕ್ಕೂ ಊರಲ್ಲಿ ಓಡುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಆಕ್ಷೇಪಣೆಗೆ ಬಿಡಬೇಕು. ಹದಿನೈದೇ ದಿನ. ಹಬ್ಬ, ಮದುವೆ ಅಂತ ಓಡಾಡುವಷ್ಟರಲ್ಲಿ ಮುಗಿದು ಹೋಗುತ್ತದೆ. ನಮ್ಮ ಕೇರಿಯಲ್ಲಿ ನಾವು ಮಾಡಿದ ಉಪಾಯ ಇಷ್ಟೇ: ದಿನಾ ಪೇಪರ್ ತರಿಸುವ ಒಬ್ಬ ನಿವೃತ್ತ ಮೇಷ್ಟ್ರಿಗೆ ಈ ಕೆಲಸ ಒಪ್ಪಿಸಿದೆವು. ಜಾಹೀರಾತಿನ ಪುಟದಲ್ಲಿ ಭೂ ಉಪಯೋಗ ಬದಲಾವಣೆ ಅನ್ನುವ ಮಾತು ಕಂಡ ತಕ್ಷಣ ಫೋಟೊ ತೆಗೆದು ಎಲ್ಲರಿಗೂ ವಾಟ್ಸಾಪ್ ಮಾಡುತ್ತಾರೆ.

ಮೂರನೆಯದು: ನಕ್ಷೆಯನ್ನು ಓದುವುದು

ಕಚೇರಿಗೆ ಹೋಗುವಾಗ ಜೊತೆಗೆ ಪಹಣಿ ಇರಲಿ. ನಮ್ಮಲ್ಲಿ ಹಿರಿಯರು ಉತಾರ ಅನ್ನುತ್ತಾರಲ್ಲ, ಅದೇ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಮಹಾಯೋಜನೆಯ ನಕ್ಷೆ ದೊಡ್ಡ ಹಾಳೆಯಲ್ಲಿದ್ದರೂ ಅಕ್ಷರಗಳು ಇರುವೆಯಷ್ಟಿರುತ್ತವೆ. ಮೊದಲು ನಿಮಗೆ ಗೊತ್ತಿರುವ ಒಂದು ಗುರುತು ಹುಡುಕಿ. ಕಾರವಾರದವರಾದರೆ ಸುಭಾಷ್ ಸರ್ಕಲ್ಲೋ ಕೋಡಿಬಾಗದ ಕಾಳಿ ಸೇತುವೆಯೋ, ಶಿರಸಿಯವರಾದರೆ ದೇವಿಕೆರೆಯೋ ಬಿಡ್ಕಿಬೈಲೋ. ಅಲ್ಲಿಂದ ಬೆರಳು ಇಟ್ಟುಕೊಂಡು ನಿಮ್ಮ ರಸ್ತೆಗೆ ಬನ್ನಿ.

ಬಣ್ಣಗಳ ಅರ್ಥ ಮೂಲೆಯ ಪಟ್ಟಿಯಲ್ಲಿರುತ್ತದೆ. ಸಾಮಾನ್ಯವಾಗಿ ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಕಟ್ಟಡ, ಹಸಿರು ಉದ್ಯಾನ ಮತ್ತು ಬಯಲು. ಹೆಚ್ಚಿನವರು ತಮ್ಮ ಜಾಗದ ಬಣ್ಣ ನೋಡಿ, ಹಳದಿ ಇದೆ ಅಂತ ಸಮಾಧಾನ ಮಾಡಿಕೊಂಡು ವಾಪಸ್ ಬರುತ್ತಾರೆ. ಅಲ್ಲಿಗೇ ಬಿಡಬೇಡಿ. ಇನ್ನೂ ಮೂರು ನೋಡಬೇಕು. ಒಂದು, ಹೊಸ ರಸ್ತೆಗಳ ಗೆರೆ, ಅಗಲ ಮಾಡುವ ರಸ್ತೆಗಳ ಅಳತೆ. ಈಗ 4 ಮೀಟರ್ ಇರುವ ನಿಮ್ಮ ಓಣಿಯನ್ನು 12 ಮೀಟರ್ ಅಂತ ಬರೆದಿದ್ದರೆ ಎರಡೂ ಬದಿಯ ಜಗಲಿ, ಬಾವಿ ಹೋಗುತ್ತವೆ ಅಂತಲೇ ಅರ್ಥ. ಎರಡು, ನೀರು. ಕೆರೆ, ನಾಲಾ, ಹಳ್ಳ, ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಎಲ್ಲವೂ ಇವೆಯಾ? ಮೂರು, ನಿಮ್ಮ ಮೇಲಿನ ಜಾಗ ಮತ್ತು ಕೆಳಗಿನ ಜಾಗ. ನಮ್ಮದು ಇಳಿಜಾರಿನ ಜಿಲ್ಲೆ. ಮೇಲಿನ ಗುಡ್ಡಕ್ಕೆ ಹಳದಿ ಬಳಿದರೆ ಅದರ ಮಣ್ಣು ಬರುವುದು ನಿಮ್ಮ ಅಂಗಳಕ್ಕೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ನದಿಯವರೆಗೆ ಹೋದದ್ದನ್ನು ಕಂಡ ಮೇಲೂ ನಾವು ಗುಡ್ಡದ ಬಣ್ಣವನ್ನು ನೋಡದೆ ಬಿಟ್ಟರೆ ಹೇಗೆ?

ನಕ್ಷೆಯ ಜೊತೆಗೆ ವರದಿ ಮತ್ತು ವಲಯ ನಿಯಮಾವಳಿ ಅಂತ ಪುಸ್ತಕ ಇರುತ್ತದೆ. ಯಾವ ಬಣ್ಣದಲ್ಲಿ ಎಷ್ಟು ಮಹಡಿ, ಎಷ್ಟು ಜಾಗ ಬಿಡಬೇಕು ಅನ್ನುವುದೆಲ್ಲ ಅದರಲ್ಲೇ. ಅದನ್ನೂ ಕೇಳಿ ನೋಡಿ.

ನಾಲ್ಕನೆಯದು: ಕೊಡೆ ಹಿಡಿದು ನಡೆಯಿರಿ

ಇಡೀ ಕೆಲಸದಲ್ಲಿ ನನಗೆ ತುಂಬಾ ಮುಖ್ಯ ಅನಿಸುವುದು ಇದು. ಕಚೇರಿಯವರ ಹತ್ತಿರ ಇಲ್ಲದ, ನಿಮ್ಮ ಹತ್ತಿರ ಮಾತ್ರ ಇರುವ ಮಾಹಿತಿ ಇಲ್ಲಿ ಸಿಗುತ್ತದೆ.

ಜೋರು ಮಳೆಯ ದಿನ ಇಬ್ಬರು ಮೂವರು ಸೇರಿ ಕೇರಿ ಸುತ್ತಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಮೋರಿಯ ಬಾಯಿ ಕಟ್ಟಿದೆ, ಎಲ್ಲಿ ಗಟಾರ ಅರ್ಧಕ್ಕೇ ನಿಂತಿದೆ ಅಂತ ಬರೆದುಕೊಳ್ಳಿ. ಫೋಟೊ ತೆಗೆಯುವಾಗ ನೀರಿನ ಪಕ್ಕದಲ್ಲಿ ಅಳತೆಗೆ ಒಂದು ಕೋಲು ಹಿಡಿಯಿರಿ. ಅದರ ಮೇಲೆ ಅಡಿ ಅಡಿಗೆ ಬಣ್ಣದ ಟೇಪ್ ಸುತ್ತಿದರೆ ಸಾಕು. ಸಮುದ್ರದ ಹತ್ತಿರ ಇರುವವರು ಉಬ್ಬರದ ಸಮಯವನ್ನೂ ಬರೆಯಿರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಉಬ್ಬರ ದೊಡ್ಡದು, ಆ ದಿನಗಳನ್ನೇ ಆರಿಸಿಕೊಳ್ಳಿ. ಬೇಸಿಗೆಯಲ್ಲಿ ಸರ್ವೆಗೆ ಬಂದವರಿಗೆ ಇದು ಯಾವುದೂ ಕಂಡಿರುವುದಿಲ್ಲ.

ಆಮೇಲೆ ಮನೆ ಮನೆಗೆ ಹೋಗಿ ಹಳಬರನ್ನು ಮಾತಾಡಿಸಿ. ನಾನು ಅಜ್ಜಿಯ ಬಾಗಿಲಿನ ಗೆರೆಗಳನ್ನು ಅಳತೆ ಪಟ್ಟಿ ಹಿಡಿದು ಫೋಟೊ ತೆಗೆದೆ. ಅವರು ಪಕ್ಕದಲ್ಲೇ ನಿಂತು ಒಂದೊಂದು ಗೆರೆಯ ಕಥೆ ಹೇಳಿದರು. "ಇದು ಸೊಸೆ ಬಾಣಂತಿ ಇದ್ದ ವರ್ಷದ್ದು. ಮಂಚದ ಕಾಲು ಮುಳುಗಿತ್ತು ತಮ್ಮಾ, ಕೂಸನ್ನ ಅಟ್ಟದ ಮೇಲೆ ಇಟ್ಟಿದ್ವಿ." ಆ ಮಾತನ್ನು ನಾನು ಆಕ್ಷೇಪಣೆಯಲ್ಲಿ ಹಾಗೇ ಬರೆಯಲಿಲ್ಲ. ವರ್ಷ ಮತ್ತು ಇಂಚು ಬರೆದೆ. ಆದರೆ ಬರೆಯುವಾಗ ಕೈ ಸಡಿಲವಾಗದಂತೆ ನೋಡಿಕೊಂಡದ್ದು ಆ ಮಾತೇ.

ಮೀನುಗಾರರ ಕೇರಿಗಳಲ್ಲಿ ಇನ್ನೊಂದು ಸಂಗತಿ ಇದೆ. ದೋಣಿ ಎಳೆದಿಡುವ ಮರಳು, ಬಲೆ ಹೊಲಿಯುವ ನೆರಳು, ಮೀನು ಒಣಗಿಸುವ ಬಯಲು ನಕ್ಷೆಯಲ್ಲಿ ಖಾಲಿ ಜಾಗವಾಗಿ ಕಾಣುತ್ತವೆ. ಯಾರ ಮಾಲ್ಕಿಯೂ ಅಲ್ಲ, ಯಾರ ಪಹಣಿಯಲ್ಲೂ ಇಲ್ಲ. ಹೊರಗಿನಿಂದ ನೋಡಿದವರಿಗೆ ಪಾರ್ಕಿಂಗ್ ಮಾಡಬಹುದು ಅನಿಸುತ್ತದೆ. ಆ ಜಾಗವನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ, ಕೆಲಸ ನಡೆಯುವಾಗ ಫೋಟೊ ತೆಗೆಯಿರಿ. ಎಷ್ಟು ದೋಣಿ, ಎಷ್ಟು ಮನೆ ಅದನ್ನು ನಂಬಿದೆ ಅಂತ ಎಣಿಸಿ. ಕಾರವಾರದ ಕಡೆ ಎಷ್ಟೋ ಮನೆಗಳಲ್ಲಿ ಮಾತು ಕೊಂಕಣಿ. ಕನ್ನಡದ ವರದಿಯನ್ನು ಅವರಿಗೆ ಕೊಂಕಣಿಯಲ್ಲಿ ವಿವರಿಸಿ ಹೇಳುವ ಒಬ್ಬರು ಜೊತೆಗಿರಲಿ.

ಶಿರಸಿಯಲ್ಲಾದರೆ ಮಳೆಯ ಜೊತೆಗೆ ಜಾತ್ರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಬಿಡ್ಕಿಬೈಲಿನ ಗದ್ದುಗೆಗೆ ಬಂದಾಗ ಊರು ಪೂರ್ತಿ ಬೇರೆಯದೇ ಊರು. ಮಾಮೂಲಿ ದಿನದ ಟ್ರಾಫಿಕ್ ಎಣಿಸಿ ಮಾಡಿದ ರಸ್ತೆ ಯೋಜನೆ ಆ ಒಂಬತ್ತು ದಿನಕ್ಕೆ ಸಾಲುತ್ತದಾ? ಆಂಬುಲೆನ್ಸ್ ಯಾವ ಕಡೆಯಿಂದ ಹೋಗಬೇಕು? ಇದು ಅಲ್ಲಿ ಅಂಗಡಿ ಇಟ್ಟವರಿಗೆ, ಮನೆ ಇರುವವರಿಗೆ ಚೆನ್ನಾಗಿ ಗೊತ್ತು.

ಐದನೆಯದು: ಬರೆಯುವುದು

"ಈ ಯೋಜನೆ ಜನವಿರೋಧಿ, ಕೂಡಲೇ ಕೈಬಿಡಬೇಕು" ಅಂತ ಬರೆದ ನೂರು ಅರ್ಜಿಗಳಿಗಿಂತ, ಒಂದು ಸರ್ವೆ ನಂಬರ್, ಒಂದು ತಪ್ಪು, ಒಂದು ಬೇಡಿಕೆ ಇರುವ ಒಂದು ಅರ್ಜಿ ಗಟ್ಟಿ. ಅಧಿಕಾರಿ ಅದಕ್ಕೆ ಉತ್ತರ ಬರೆಯಲೇಬೇಕಾಗುತ್ತದೆ. ನಾವು ಬರೆದದ್ದರ ಸಾರ ಹೀಗಿತ್ತು:

"ಕರಡು ನಕ್ಷೆಯಲ್ಲಿ ಸರ್ವೆ ನಂಬರ್ ಇಂಥದ್ದರ ಪಶ್ಚಿಮದ ಅಂಚಿನಲ್ಲಿ 12 ಮೀಟರ್ ರಸ್ತೆ ತೋರಿಸಲಾಗಿದೆ. ಅದೇ ಜಾಗದಲ್ಲಿ ಸುಮಾರು 5 ಮೀಟರ್ ಅಗಲದ ಮಳೆನೀರಿನ ನಾಲಾ ಹರಿಯುತ್ತಿದೆ. ಗ್ರಾಮ ನಕ್ಷೆಯಲ್ಲಿ ಇದು ಇದೆ, ಪಹಣಿಯಲ್ಲಿ ಬ ಖರಾಬ್ ಎಂದು ನಮೂದಾಗಿದೆ. ಮಳೆಗಾಲದಲ್ಲಿ ನೀರು ನಿಂತ ಫೋಟೊಗಳನ್ನು ದಿನಾಂಕ ಸಹಿತ ಲಗತ್ತಿಸಿದೆ. ಆದ್ದರಿಂದ ನಾಲಾವನ್ನು ನಕ್ಷೆಯಲ್ಲಿ ಗುರುತಿಸಬೇಕು, ರಸ್ತೆಯನ್ನು ಪೂರ್ವದಲ್ಲಿ ಈಗಾಗಲೇ ಇರುವ ಮಣ್ಣಿನ ರಸ್ತೆಗೆ ಬದಲಿಸಬೇಕು ಎಂದು ಕೋರುತ್ತೇವೆ."

ಇಲ್ಲಿ ಬ ಖರಾಬ್ ಅನ್ನುವ ಎರಡು ಪದ ತುಂಬಾ ಕೆಲಸ ಮಾಡಿತು. ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಯ ಜಾಗವನ್ನು ಕಂದಾಯ ದಾಖಲೆಯಲ್ಲಿ ಹೀಗೆ ಬರೆದಿರುತ್ತಾರೆ. ಸರ್ಕಾರದ್ದೇ ಕಾಗದ ನಿಮ್ಮ ಪರವಾಗಿ ಮಾತಾಡುವಾಗ ನೀವು ದನಿ ಏರಿಸಬೇಕಾಗಿಲ್ಲ. ಇನ್ನು, ಬೇಡ ಅಂತ ಮಾತ್ರ ಬರೆಯದೆ ಬದಲಿಗೆ ಏನು ಅಂತಲೂ ಬರೆಯಿರಿ. ಪೂರ್ವದ ಮಣ್ಣಿನ ರಸ್ತೆಯನ್ನು ನಾವೇ ಟೇಪ್ ಹಿಡಿದು ಅಳೆದು ಕೊಟ್ಟಿದ್ದೆವು.

ಒಂದೇ ಅರ್ಜಿಗೆ ಐವತ್ತು ಸಹಿ ಹಾಕುವ ಬದಲು ತೊಂದರೆ ಇರುವ ಪ್ರತಿ ಮನೆಯವರೂ ತಮ್ಮ ತಮ್ಮ ಅನುಭವ ಸೇರಿಸಿ ಬೇರೆ ಬೇರೆ ಬರೆಯುವುದು ಒಳ್ಳೆಯದು. ಗಂಡಸರು ಕಚೇರಿಗೆ ಹೋಗುತ್ತಾರೆ, ಹೆಂಗಸರು ನೀರು ಗುಡಿಸುತ್ತಾರೆ ಅಂತ ಆಗಬಾರದು. ನೀರು ಗುಡಿಸಿದವರ ಹೆಸರಲ್ಲೇ ಅರ್ಜಿ ಹೋಗಲಿ.

ಆರನೆಯದು: ಸ್ವೀಕೃತಿ ಇಲ್ಲದೆ ಮೆಟ್ಟಿಲಿಳಿಯಬೇಡಿ

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಇದಕ್ಕಿಂತ ಮೊದಲು ಒಮ್ಮೆ, ಬೇರೊಂದು ವಿಷಯಕ್ಕೆ, ಒಂದು ಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೆ. ಟೇಬಲ್ಲಿನಲ್ಲಿದ್ದವರು ನಗುತ್ತಲೇ ತೆಗೆದುಕೊಂಡು, "ಆಯ್ತು, ನೋಡ್ತೀವಿ, ನೀವು ಹೋಗಿ" ಅಂದರು. ನಂಬಿ ಬಂದೆ. ಮೂರು ತಿಂಗಳ ಮೇಲೆ ಕೇಳಲು ಹೋದರೆ ಅಂಥ ಅರ್ಜಿಯೇ ಬಂದಿಲ್ಲ ಅಂದರು. ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಆ ದಿನ ವಾಪಸ್ ಬರುವಾಗ ಬಸ್ಸಿನಲ್ಲಿ ಆದ ಬೇಜಾರು ಇನ್ನೂ ನೆನಪಿದೆ.

ಹಾಗಾಗಿ ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಹಾಕಲು ಹಿಂದೆ ಮುಂದೆ ನೋಡಿದರೆ ಜಗಳ ಬೇಡ. ನೆಟ್ಟಗೆ ಪೋಸ್ಟಾಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಪ್ರತಿಗೆ ಪಿನ್ ಮಾಡಿಡಿ. ಕೊನೆಯ ದಿನದವರೆಗೆ ಕಾಯಬೇಡಿ. ನಿಮ್ಮ ವಾರ್ಡಿನ ಸದಸ್ಯರಿಗೂ ಒಂದು ಪ್ರತಿ ಕೊಡಿ, ನಗರಸಭೆಯ ಸಭೆಯಲ್ಲಿ ವಿಷಯ ಎತ್ತಿ ಠರಾವು ಮಾಡಿಸಲು ಕೇಳಿಕೊಳ್ಳಿ.

ಏಳನೆಯದು: ಏನಾಯಿತು ಅಂತ ಕೇಳುವುದು

ಕೊಟ್ಟ ಮೇಲೆ ಹೆಚ್ಚಿನವರು ಮರೆತುಬಿಡುತ್ತಾರೆ. ಅವಧಿ ಮುಗಿದು ಒಂದೆರಡು ತಿಂಗಳಾದ ಮೇಲೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಮಾಡಿದರಾಯಿತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಯಾಕೆ ಅಂತ ಕೇಳಬೇಡಿ, ದಾಖಲೆ ಕೇಳಿ: ಬಂದ ಆಕ್ಷೇಪಣೆಗಳ ಪಟ್ಟಿ, ಒಂದೊಂದಕ್ಕೂ ಪ್ರಾಧಿಕಾರ ಬರೆದ ಶಿಫಾರಸು, ಆ ಸಭೆಯ ನಡಾವಳಿಯ ಪ್ರತಿ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ರಾಜ್ಯ ಮಾಹಿತಿ ಆಯೋಗ.

ನಿಮ್ಮ ಜಾಗವನ್ನು ರಸ್ತೆಗೋ ಉದ್ಯಾನಕ್ಕೋ ಅಂತ ಗುರುತಿಸಿ ವರ್ಷಗಟ್ಟಲೆ ಏನೂ ಮಾಡದೆ ಬಿಟ್ಟಿದ್ದರೆ ಕಾಯ್ದೆಯ 69ನೇ ಕಲಂ ಓದಿ. ಐದು ವರ್ಷದೊಳಗೆ ಜಾಗ ಪಡೆಯುವ ಕೆಲಸ ಶುರು ಮಾಡದಿದ್ದರೆ ಆ ಗುರುತು ಬಿದ್ದುಹೋಗುತ್ತದೆ ಅಂತ ಅದರಲ್ಲಿದೆ. ಇದಕ್ಕೆ ಮಾತ್ರ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಬೇರೆ ಬಾಗಿಲುಗಳು

ಎಲ್ಲವೂ ಮಹಾಯೋಜನೆಯಲ್ಲೇ ತೀರ್ಮಾನ ಆಗುವುದಿಲ್ಲ. ಸಮುದ್ರ ಮತ್ತು ಉಪ್ಪುನೀರು ನುಗ್ಗುವ ಹೊಳೆಗಳ ದಂಡೆಗೆ 2019ರ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ಅಧಿಸೂಚನೆ ಇದೆ. ಅದಕ್ಕೆ ಬೇರೆಯೇ ನಕ್ಷೆ. ಮೀನುಗಾರರ ಹಳ್ಳಿ, ಅವರ ಸಾಮೂಹಿಕ ಜಾಗ, ಮೀನು ಒಣಗಿಸುವ ಬಯಲುಗಳನ್ನು ಗುರುತಿಸಬೇಕು ಅಂತ ಅಧಿಸೂಚನೆಯೇ ಹೇಳುತ್ತದೆ. ಮೇಲೆ ಹೇಳಿದ ಫೋಟೊ, ಲೆಕ್ಕ ಎಲ್ಲ ಅಲ್ಲೂ ಉಪಯೋಗಕ್ಕೆ ಬರುತ್ತವೆ.

ಬಂದರು, ದೊಡ್ಡ ಕಾರ್ಖಾನೆಯಂಥ ಯೋಜನೆಗಳಿಗೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಆಲಿಕೆ ಸಭೆ ನಡೆಯುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮೊದಲು ನೋಟೀಸು ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಪೂರ್ತಿ ವಿಡಿಯೊ ಆಗುತ್ತದೆ. ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಮೊದಲೇ ಸಿಗಬೇಕು, ಅದನ್ನು ಓದಿಯೇ ಹೋಗಿ. ಸಭೆಗೆ ಇಷ್ಟೇ ಜನ ಬರಬೇಕು ಅನ್ನುವ ನಿಯಮ ಇಲ್ಲ. ಅಂದರೆ ಹತ್ತೇ ಜನ ಬಂದರೂ ಸಭೆ ನಡೆದಂತೆಯೇ ಲೆಕ್ಕ. ಬಹಿಷ್ಕಾರ ಹಾಕುವ ಮೊದಲು ಇದನ್ನು ಯೋಚಿಸಿ. ಮಾತಾಡಿದ್ದನ್ನು ಬರಹದಲ್ಲೂ ಕೊಡಿ. ಕೊನೆಯಲ್ಲಿ ನಡಾವಳಿ ಓದಿ ಹೇಳುವವರೆಗೆ ಎದ್ದು ಹೋಗಬೇಡಿ. ನೀವು ಹೇಳಿದ್ದು ಅದರಲ್ಲಿ ಬಿಟ್ಟು ಹೋಗಿದ್ದರೆ ಅಲ್ಲೇ ಕೈ ಎತ್ತಿ ಸೇರಿಸಲು ಹೇಳಿ. 2020ರ ಜನವರಿಯಲ್ಲಿ ಬಂದರಿನ ಎರಡನೇ ಹಂತದ ವಿಸ್ತರಣೆಯನ್ನು ವಿರೋಧಿಸಿ ಕಾರವಾರದ ಮೀನುಗಾರರು ಬೀದಿಗಿಳಿದದ್ದು, ಊರು ಬಂದ್ ಆದದ್ದು, ವಿಷಯ ಹೈಕೋರ್ಟಿಗೆ ಹೋದದ್ದು ಎಲ್ಲರಿಗೂ ನೆನಪಿದೆ. ಬೀದಿಗೆ ಇಳಿಯುವ ದಿನವೂ ಬರುತ್ತದೆ, ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಕೋರ್ಟಿನಲ್ಲಿ ಮೊದಲು ಕೇಳುವುದು ಕಾಗದವನ್ನು.

ಚಿಕ್ಕ ಗಟಾರ, ಬೀದಿ ದೀಪ, ಕಾಲುದಾರಿಗೆ ಇಷ್ಟೆಲ್ಲ ಬೇಡ. ನಗರಸಭೆ ಬಜೆಟ್‌ಗೆ ಮೊದಲು ಕರೆಯುವ ಪೂರ್ವಭಾವಿ ಸಭೆಗೆ ಹೋಗಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಅಂತ ಹಣ ಎತ್ತಿಡುವ ಪದ್ಧತಿ ಇದೆ. ಹೋದ ವರ್ಷ ಅದು ಎಲ್ಲಿ ಖರ್ಚಾಯಿತು ಅಂತ ಆ ಸಭೆಯಲ್ಲೇ ಕೇಳಿ.

ನಮ್ಮ ನಾಲಾದ ವಿಷಯ ಏನಾಯಿತು ಅಂತ ಕೇಳುವಿರಿ. ಅಂತಿಮ ಯೋಜನೆ ಬಂದ ಮೇಲೆ ಅದನ್ನು ಪ್ರಾಧಿಕಾರದ ಕಚೇರಿಯಲ್ಲಿ ಯಾರು ಬೇಕಾದರೂ ನೋಡುವಂತೆ ಇಟ್ಟಿರಬೇಕು, ಅದು ಕಾಯ್ದೆಯ ಮಾತು. ಹೋಗಿ ನೋಡಿದೆ. ನಾಲಾ ಇತ್ತು, ಕೂದಲೆಳೆಯಷ್ಟು ತೆಳ್ಳಗಿನ ನೀಲಿ ಗೆರೆ. ರಸ್ತೆ ಪೂರ್ವಕ್ಕೆ ಸರಿದಿತ್ತು. ಅಗಲ ಕಡಿಮೆ ಮಾಡಿ ಅಂತ ಕೇರಿಯ ಕೆಲವರು ಬೇರೆಯಾಗಿ ಕೇಳಿದ್ದನ್ನು ಒಪ್ಪಿರಲಿಲ್ಲ, 12 ಮೀಟರ್ ಹಾಗೇ ಉಳಿದಿತ್ತು. ಆ ಭಾಗದ ಫೋಟೊ ತೆಗೆದು, ದೊಡ್ಡದು ಮಾಡಿ, ಪ್ರಿಂಟ್ ಹಾಕಿಸಿ ಅಜ್ಜಿಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಇಲ್ಲಿ ತಿರುವು ಇನ್ನೂ ಸ್ವಲ್ಪ ಬಲಕ್ಕೆ ಬರ್ಬೇಕಿತ್ತಲ್ವಾ" ಅಂದರು. ಮುಂದಿನ ಪರಿಷ್ಕರಣೆಗೆ ಅಂತ ಅದನ್ನೂ ಬರೆದಿಟ್ಟುಕೊಂಡಿದ್ದೇನೆ.